ಬನಾದಿಯ ಜೇಬಿಗೆ ಬಂದ ಬಸುರಿ ಇಲಿ

ಬನಾದಿ ನನ್ನ ಓರಗಿತ್ತಿ. ನನ್ನ ಗಂಡ ಆ ಮನೆಗೆ ಹಿರಿಯ ಮಗ, ಅವಳ ಗಂಡ ಮೌಲಾಬಖ್ಶ್ ಕೊನೆಯವನು. ನಡುವೆ ಹುಟ್ಟಿದ ಕೂಸುಗಳಲ್ಲಿ ಒಂದೂ ಕೈಗೆ ಹತ್ತಲಿಲ್ಲ. ಅಣ್ಣ ತಮ್ಮಂದಿರ ನಡುವೆ ಅಷ್ಟು ದೊಡ್ಡ ಅಂತರ ಬಿದ್ದದ್ದು ಹಾಗೆ, ಬನಾದಿ ಮದುವೆಯಾಗಿ ಬಂದಾಗ ಅವಳಿಗೆ ನನ್ನ ಮಗಳ ವಯಸ್ಸು ಇದ್ದದ್ದೂ ಹಾಗೆ. ನಮ್ಮ ಅತ್ತೆ ಮಾಹತೂನ್‌ಗೆ ಅವಳು ಬರೀ ಸೊಸೆಯಲ್ಲ, ಒಡಹುಟ್ಟಿದ ತಮ್ಮನ ಮಗಳು. ಖಾಶ್ ಸೀಮೆಯ ನಮ್ಮ ಬಲೂಚ್ ಮನೆತನದಲ್ಲಿ ಹೆಣ್ಣನ್ನು ಹೊರಗೆ ಕೊಡುವುದಿಲ್ಲ, ಹೊರಗಿನಿಂದ ತರುವುದೂ ಇಲ್ಲ. ನಾನು ಕುಲದ ದೂರದ ಕವಲಿನವಳು. ನನ್ನನ್ನು ತಂದಾಗಲೇ ಅತ್ತೆ ಮೂಗು ಮುರಿದಿದ್ದಳಂತೆ. ಅದೇ ನನ್ನ ಪುಣ್ಯವೋ ಏನೋ, ನನ್ನ ಮಕ್ಕಳು ಉಳಿದರು.

ತಫ್ತಾನ್ ಬೆಟ್ಟದ ಕೆಳಗಿನ ಹಳ್ಳಿ ಬಿಟ್ಟು ನಾವೆಲ್ಲ ಜಾಹೇದಾನ್ ಪೇಟೆಗೆ ಬಂದು ನೆಲೆಸಿ ಆಗಲೇ ಬಹಳ ಕಾಲವಾಗಿತ್ತು. ಬನಾದಿ ಕಸೂತಿಯಲ್ಲಿ ಕೈ ಪಳಗಿಸಿಕೊಂಡು ಬಂದವಳು. ಉಡುಪಿನ ಎದೆಯ ಭಾಗ, ತೋಳಿನ ಅಂಚು, ಮುಂದಿನ ಉದ್ದ ಜೇಬು, ಎಲ್ಲದರ ಮೇಲೂ ಅವಳ ಕೆಂಪು ಕಪ್ಪು ದಾರ ಇರುವೆಸಾಲಿನ ಹಾಗೆ ಓಡುತ್ತಿತ್ತು. ಬಟ್ಟೆಯನ್ನು ಒಳಮಗ್ಗುಲಾಗಿ ತಿರುಗಿಸಿದರೂ ಯಾವುದು ಒಳಗು ಯಾವುದು ಹೊರಗು ತಿಳಿಯದು. ಆದರೆ ತೋರುಬೆರಳಿಗೆ ಯಾವಾಗಲೂ ಚಿಂದಿ ಸುತ್ತಿಕೊಂಡಿರುತ್ತಿದ್ದಳು. ಸೂಜಿ ಚುಚ್ಚಿದರೆ ಎಲ್ಲರಿಗೂ ಒಂದು ತೊಟ್ಟು ಬರುತ್ತದೆ, ನಿಲ್ಲುತ್ತದೆ, ಮುಗಿಯಿತು. ಇವಳಿಗೂ ನಿಲ್ಲುತ್ತಿತ್ತು. ಮರುದಿನ ರೊಟ್ಟಿ ತಟ್ಟಲು ಕೂತಾಗ ಅದೇ ಚುಚ್ಚಿದ ಜಾಗದಿಂದ ಮತ್ತೆ ಶುರುವಾಗುತ್ತಿತ್ತು. ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು. ಚಿಕ್ಕವಳಿದ್ದಾಗ ಬಾವಿಕಟ್ಟೆಗೆ ಬಿದ್ದದ್ದು. ಬಿದ್ದ ದಿನ ಎದ್ದು ಆಡಿಕೊಂಡಿದ್ದವಳು ಮಾರನೆಯ ದಿನ ರಕ್ತ ಹೋಗಿ ಹೋಗಿ ಬಿಳಿಚಿಕೊಂಡಳು, ಅವಳಪ್ಪ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದನಂತೆ.

ಮದುವೆಯಾದ ಮೇಲೆ ಬಸುರಾದಳು, ಮೂರನೆಯ ತಿಂಗಳಿಗೆ ಹೋಯಿತು. ಮತ್ತೆ ಆದಳು, ಮತ್ತೆ ಹೋಯಿತು. ಒಂದೊಂದು ಸಲವೂ ಅವಳೇ ಉಳಿಯುವುದು ಕಷ್ಟ ಎನ್ನುವಷ್ಟು ರಕ್ತ. ಅತ್ತೆ ದಿಂಬಿನ ಕೆಳಗೆ ಕತ್ತಿ ಇಟ್ಟಳು, ಮುಲ್ಲಾನಿಂದ ತಾಯಿತ ತಂದು ಕಟ್ಟಿದಳು, ಬಾಣಂತಿಯರ ಕರುಳು ಕದಿಯುವ ಆಲ್ ಎಂಬ ಹೆಣ್ಣುಭೂತವನ್ನು ಬಾಯಿಗೆ ಬಂದಂತೆ ಬೈದಳು. ನಾಲ್ಕನೆಯದೂ ಹೋದಾಗ ನಾನು ಮೌಲಾಬಖ್ಶ್‌ನ ಬೆನ್ನು ಹತ್ತಿದೆ. ಅವನು ಲಾರಿ ಓಡಿಸುವವನು, ತಿಂಗಳಲ್ಲಿ ಹೆಚ್ಚು ದಿನ ದಾರಿಯ ಮೇಲೇ ಇರುವವನು. ಹೆಂಡತಿ ಎಂದರೆ ಪ್ರಾಣ, ಆದರೆ ತಾಯಿಯ ಎದುರು ತುಟಿ ಬಿಚ್ಚುವವನಲ್ಲ. ಅಂತೂ ಒಪ್ಪಿದ. ನಾನು, ಅತ್ತೆ, ಬನಾದಿ ಮೂವರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಸಿಕ್ಕವರು ಡಾಕ್ಟರ್ ದಾದ್‌ರಹ್ಮಾನ್. ನಮ್ಮ ಕಡೆಯವರೇ, ಟೆಹರಾನಿನಲ್ಲಿ ಓದಿ ಬಂದವರು, ಮಾತು ಮಾತ್ರ ಖಾಶ್‌ನ ಕುರಿಗಾಹಿಗಳದೇ.

ಅವರು ಬನಾದಿಯ ರಕ್ತ ತೆಗೆದರು, ನನ್ನದನ್ನೂ ತೆಗೆದರು. ಎರಡು ಗಾಜಿನ ಕೊಳವೆಗಳಲ್ಲಿ ಹಾಕಿದರು. ಎರಡೂ ಹೆಪ್ಪುಗಟ್ಟಿದವು, ಮೊಸರಿನ ಹಾಗೆ. ಅದರ ಮೇಲೆ ನೀರಿನಂಥದ್ದೊಂದು ದ್ರವ ಸುರಿದು, "ನಾಳೆ ಬನ್ನಿ, ತೋರಿಸ್ತೀನಿ" ಅಂದರು.

ಮಾರನೆಯ ದಿನ ಹೋದರೆ ನನ್ನ ರಕ್ತದ ಹೆಪ್ಪು ಕೊಳವೆಯ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಬನಾದಿಯದು ಇರಲೇ ಇಲ್ಲ. ಕರಗಿ ಹೋಗಿತ್ತು. ಬರೀ ಬಣ್ಣದ ನೀರು. ನಾನು ಕೊಳವೆಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ನಿನ್ನೆ ನನ್ನ ಕಣ್ಣೆದುರೇ ಗಟ್ಟಿಯಾಗಿದ್ದ ವಸ್ತು ಯಾರೂ ಮುಟ್ಟದೆ ಬಿಚ್ಚಿಕೊಂಡಿತ್ತು.

"ಏನಾಗ್ತದೆ ಅಂದ್ರೆ ತಾಯಿ," ಡಾಕ್ಟರು ಅತ್ತೆಗೆ ಹೇಳಿದರು, "ಗಾಯ ಆದಾಗ ರಕ್ತದೊಳಗಿನ ಕೆಲಸಗಾರರು ಒಬ್ಬರ ಹಿಂದೆ ಒಬ್ಬರು ಎದ್ದು ಬರ್ತಾರೆ. ಅವರಿಗೆ ನಾವು ಹೆಸರಿಟ್ಟಿಲ್ಲ, ನಂಬರ್ ಕೊಟ್ಟಿದೀವಿ. ಎಲ್ಲರೂ ಸೇರಿ ಒಂದು ಬಲೆ ನೇಯ್ತಾರೆ. ಕಡೇಲಿ ಬರೋನು ಹದಿಮೂರನೆಯವನು. ಅವನು ಬಲೆಯ ಎಳೆ ಎಳೆಗೂ ಗಂಟು ಹಾಕ್ತಾನೆ. ನಿಮ್ಮ ಸೊಸೆಗೆ ಅವನೊಬ್ಬ ಇಲ್ಲ."

"ಹದಿಮೂರು ಅಂದ್ರೆ ಮೊದಲೇ ಅಪಶಕುನ," ಅಂದಳು ಅತ್ತೆ. "ಇಲ್ಲದಿದ್ರೇ ಒಳ್ಳೇದಲ್ವಾ?"

ಬನಾದಿ ಮಾತ್ರ ತನ್ನ ತೋಳಿನ ಕಸೂತಿಯನ್ನೇ ನೋಡುತ್ತಾ, "ಹೊಲಿಗೆ ಇದೆ, ಕೊನೇಲಿ ಗಂಟಿಲ್ಲ," ಅಂದಳು. "ಅದಕ್ಕೇ ಮಾರನೇ ದಿನ ಬಿಚ್ಚಿಕೊಳ್ಳುತ್ತೆ."

"ಅಷ್ಟೇ," ಅಂದರು ಡಾಕ್ಟರು. "ನನ್ನ ವಿದ್ಯಾರ್ಥಿಗಳಿಗೂ ಇನ್ಮೇಲೆ ಹಾಗೇ ಹೇಳ್ತೀನಿ."

ಆಮೇಲೆ ಹೇಳಿದ್ದು ಅತ್ತೆಗೆ ಚುಚ್ಚಿತು. ಮೈಯನ್ನು ಹೇಗೆ ಹೊಲಿಯಬೇಕೆಂಬ ಮಾದರಿ ಪ್ರತಿಯೊಂದು ಜೀವದೊಳಗೂ ಇರುತ್ತದಂತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅದಕ್ಕೆ ಅವರು ಜೀನ್ ಎನ್ನುತ್ತಾರೆ. ಒಂದು ಹರಿದಿದ್ದರೆ ಇನ್ನೊಂದನ್ನು ನೋಡಿಕೊಂಡು ಮೈ ಕೆಲಸ ಸಾಗಿಸುತ್ತದೆ. ಎರಡೂ ಒಂದೇ ಮನೆಯಿಂದ ಬಂದು, ಎರಡೂ ಅದೇ ಜಾಗದಲ್ಲಿ ಹರಿದಿದ್ದರೆ ನೋಡಿಕೊಳ್ಳಲು ಏನಿದೆ?

ದಾರಿಯುದ್ದಕ್ಕೂ ಅತ್ತೆ ಬುಸುಗುಟ್ಟಿದಳು. "ನಮ್ಮ ರಕ್ತದಲ್ಲೇ ಹರುಕು ಅಂತಾನೆ. ಏಳು ತಲೆಮಾರು ಹೊರಗಿನ ಹನಿ ಬೆರೆಸದ ರಕ್ತ. ಓದಿದ್ದು ತಲೆಗೇರಿದೆ ಅವನಿಗೆ."

ಆ ಡಾಕ್ಟರೇ ಕೆಲವು ತಿಂಗಳ ನಂತರ ಬನಾದಿಗೆ ಕೆಲಸ ಕೊಟ್ಟರು. ಕಾಲೇಜಿನ ಹಿಂಭಾಗದಲ್ಲಿ ಅವರದೊಂದು ಇಲಿಮನೆ. ದೂರದೇಶದಿಂದ ವಿಮಾನದಲ್ಲಿ ಬಂದ ಕಪ್ಪು ಇಲಿಗಳು. ಅಲ್ಲಿನವರು ಆ ಇಲಿಗಳ ಮೈಯ ಮಾದರಿಯಿಂದ ಒಂದೇ ಒಂದು ಹೊಲಿಗೆಯನ್ನು ಬಿಚ್ಚಿ ತೆಗೆದಿದ್ದರಂತೆ, ಹದಿಮೂರನೆಯವನದು. ಉಳಿದದ್ದೆಲ್ಲ ಇದ್ದಂತೆಯೇ. ಅವುಗಳನ್ನು ಒತ್ತಿ ಹಿಡಿದರೆ ಚರ್ಮದ ಕೆಳಗೆ ರಕ್ತ ಕಟ್ಟಿಕೊಳ್ಳುತ್ತಿತ್ತು. ಗಂಡಸರ ಒರಟು ಕೈ ಆಗದು, ಹಗುರ ಕೈಯವಳು ಬೇಕು ಎಂದು ಹೇಳಿಕಳಿಸಿದರು.

"ಇಲಿ ಸಾಕೋದಕ್ಕೆ ಸಂಬಳವಾ?" ಅಂದಳು ಅತ್ತೆ. "ನಮ್ಮ ಉಗ್ರಾಣದಲ್ಲಿ ಬಿಟ್ಟಿಯಾಗಿ ಸಾಕ್ತಿದೀವಲ್ಲ." ಆದರೂ ಬೇಡವೆನ್ನಲಿಲ್ಲ. ಮನೆಯಲ್ಲಿ ಮಗುವಿಲ್ಲದೆ ಕೂತ ಸೊಸೆಯ ಮುಖ ನೋಡುವುದು ಅವಳಿಗೂ ಕಷ್ಟವೇ ಆಗಿತ್ತು.

ಬನಾದಿ ಬೆಳಿಗ್ಗೆ ಹೋಗಿ ಗೂಡುಗಳ ಮರದ ಹೊಟ್ಟು ಬದಲಿಸುತ್ತಿದ್ದಳು, ನೀರು ತುಂಬುತ್ತಿದ್ದಳು, ಬಾಲ ಹಿಡಿದು ಎತ್ತದೆ ಅಂಗೈ ಒಡ್ಡಿ ಕೂರಿಸಿಕೊಂಡು ತೂಕ ಮಾಡುತ್ತಿದ್ದಳು. ಮೊದಲ ವಾರವೇ ಬಂದು ನನ್ನ ಪಕ್ಕ ಕೂತು, "ಅಕ್ಕ, ಒಂದು ಮಾತು ಹೇಳ್ತೀನಿ, ನಗಬೇಡ" ಅಂದಳು.

"ಹೇಳು."

"ಗಂಡಿಲಿಗಳಿಗೆ ಏನೂ ಆಗಲ್ಲ. ತಿಂದುಂಡು ಓಡಾಡಿಕೊಂಡಿರ್ತವೆ. ಹೆಣ್ಣಿಗೂ ಏನೂ ಆಗಲ್ಲ, ಬಸುರಾಗೋವರೆಗೆ. ಆದಮೇಲೆ ಬಸಿರಿನ ನಡುವಿನ ಹೊತ್ತಿಗೆ ಮೂಲೇಲಿ ಮುದುಡಿ ಕೂರುತ್ತೆ, ಕೂದಲು ನಿಮಿರಿಕೊಂಡು. ಮಾರನೇ ದಿನ ಗೂಡಿನ ಹೊಟ್ಟು ಪೂರಾ ಕೆಂಪು." ಬೆರಳಿನ ಚಿಂದಿ ಬಿಗಿ ಮಾಡಿಕೊಂಡಳು. "ನನ್ನ ಹಾಗೇ. ಅದೇ ಜಾಗದಿಂದ, ಅದೇ ಹೊತ್ತಿಗೆ. ಅಂಗೈಯಷ್ಟು ಇಲ್ಲ, ಅದರೊಳಗೂ ನನ್ನದೇ ಗಂಟು ಇರಬೇಕಿತ್ತಂತೆ."

ನನಗೆ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ನಾನು ಇಲಿಯನ್ನು ಪೊರಕೆಯ ತುದಿಯಿಂದಲೇ ನೋಡಿದವಳು. ಅಲ್ಲಾಹನು ಹೆಂಗಸಿನ ಬಸಿರಿಗೂ ಇಲಿಯ ಬಸಿರಿಗೂ ಒಂದೇ ಗಂಟು ಹಾಕಿಟ್ಟಿದ್ದಾನೆ ಎಂದು ಯಾವ ಮುಲ್ಲಾ ನನಗೆ ಹೇಳಿದ್ದ? ಆ ದಿನದಿಂದ ಉಗ್ರಾಣದ ಗೋಡೆಯಂಚಿನಲ್ಲಿ ಸರಕ್ಕನೆ ಹೋದ ಇಲಿಯನ್ನು ಕಂಡರೂ ಕೈಯ ಪೊರಕೆ ಒಂದು ಕ್ಷಣ ಹಾಗೇ ನಿಲ್ಲುತ್ತಿತ್ತು.

ಗೂಡುಗಳು ಎರಡು ಸಾಲಿನಲ್ಲಿದ್ದವು. ಒಂದು ಮದ್ದಿನ ಸಾಲು. ಆ ಸಾಲಿನ ಬಸುರಿ ಇಲಿಗಳಿಗೆ ಮನುಷ್ಯರ ರಕ್ತದಿಂದ ಹದಿಮೂರನೆಯವನನ್ನು ಬೇರ್ಪಡಿಸಿ ತೆಗೆದ ಔಷಧವನ್ನು ಕೂದಲಿನಂಥ ಸೂಜಿಯಲ್ಲಿ ಕೊಡುತ್ತಿದ್ದರು. ಇನ್ನೊಂದು ಮದ್ದಿಲ್ಲದ ಸಾಲು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು. ಬನಾದಿ ಅದಕ್ಕೆ ಎಂದೂ ಎದುರಾಡಿದವಳಲ್ಲ. ಸತ್ತವುಗಳನ್ನು ತಾನೇ ಎತ್ತಿ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು.

ಹಾಗಿರುವಾಗ ಐದನೆಯ ಸಲ ಬಸುರಾದಳು.

ಡಾಕ್ಟರಿಗೆ ವಿಷಯ ತಿಳಿದದ್ದೇ ತಡ, ಮನೆಗೇ ಬಂದರು. ಹಾಲು ಹಾಕಿದ ಟೀ ಕೊಟ್ಟೆ. ಲೋಟ ಕೆಳಗಿಟ್ಟು ಅತ್ತೆಗೆ ಹೇಳಿದರು, "ತಾಯಿ, ಆ ಔಷಧ ಈಗ ನಮ್ಮಲ್ಲೂ ಸಿಗ್ತಿದೆ. ಈಗಲೇ ಶುರು ಮಾಡಿ, ಹೆರೋವರೆಗೂ ಬಿಡದೆ ಕೊಡಬೇಕು. ರಕ್ತ ಕಂಡಮೇಲೆ ಓಡಿ ಬಂದ್ರೆ ನಾನೇನೂ ಮಾಡಲಾರೆ. ಹಿಂದಿನ ಸಲದಷ್ಟು ರಕ್ತ ಹೋದ್ರೆ ಇವಳೂ ಉಳಿಯಲ್ಲ."

"ಔಷಧ ಯಾವುದರಿಂದ ಮಾಡಿದ್ದು?"

"ರಕ್ತದಿಂದ."

"ಯಾರ ರಕ್ತ?"

"ಸಾವಿರಾರು ಜನರದು. ಯಾರದು ಅಂತ ಹೇಳೋಕಾಗಲ್ಲ. ಯಾವ ದೇಶದವರೋ, ಯಾವ ಊರಿನವರೋ."

ಅತ್ತೆ ಶಾಲು ಸರಿಮಾಡಿಕೊಂಡಳು. "ಅವಳಿಗೆ ಗಾಯ ಆದ್ರೆ ಹಾಕು, ನಾನು ಬೇಡ ಅನ್ನಲ್ಲ. ಚಿಕ್ಕವಳಿದ್ದಾಗ ಹಾಕಿಸಿಕೊಂಡೇ ಬದುಕಿದಾಳೆ. ಆದ್ರೆ ಹೊಟ್ಟೇಲಿ ನನ್ನ ಮಗನ ಕೂಸಿರೋವಾಗ ಸಾವಿರ ಜನರ ರಕ್ತ ಸುರಿದ್ರೆ, ಹುಟ್ಟೋದು ಯಾರ ಕೂಸು? ನಮ್ಮದು ಅಂತ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?"

ಡಾಕ್ಟರು ಬಗೆಬಗೆಯಾಗಿ ಹೇಳಿ ನೋಡಿದರು. ಅತ್ತೆ ಕರಗಲಿಲ್ಲ. ಅವರು ಹೋದ ಮೇಲೆ ನಾನು ಬನಾದಿಯನ್ನು ಒಲೆಮನೆಗೆ ಎಳೆದುಕೊಂಡು ಹೋಗಿ, "ಕಾಲೇಜಿಗೆ ದಿನಾ ಹೋಗ್ತೀಯಲ್ಲ, ಅಲ್ಲೇ ಚುಚ್ಚಿಸಿಕೊಂಡು ಬಾ. ಯಾರಿಗೆ ಗೊತ್ತಾಗುತ್ತೆ?" ಅಂದೆ.

"ಇವತ್ತಲ್ಲ ನಾಳೆ ಗೊತ್ತಾಗುತ್ತೆ ಅಕ್ಕ. ಗೊತ್ತಾದ ದಿನ ಆ ಕೂಸನ್ನ ಅತ್ತೆ ತೊಡೆ ಮೇಲಿಂದ ಕೆಳಗಿಳಿಸಿಬಿಡ್ತಾರೆ. ಕದ್ದು ಹೆತ್ತ ಕೂಸನ್ನ ಎಲ್ಲಿ ಇಟ್ಟುಕೊಳ್ಳಲಿ?" ಅಂದಳು. ಅವಳಿಗೆ ಮಗು ಬೇಕಿತ್ತು, ಅದು ಈ ಮನೆಯ ಮಗುವಾಗಿಯೇ ಬೇಕಿತ್ತು. ದಿನಗಳು ಮಾತ್ರ ಮೂರನೆಯ ತಿಂಗಳ ಕಡೆಗೆ ಜಾರುತ್ತಿದ್ದವು.

ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಫೋನಿಗೆ ಕರೆ ಬಂತು. ಇಲಿಮನೆಯಲ್ಲಿ ಬನಾದಿಯ ಜೊತೆ ಕೆಲಸ ಮಾಡುವ ನಸ್ತರನ್ ಎಂಬ ಹುಡುಗಿ. ಟೆಹರಾನ್ ಕಡೆಯವಳು. "ನಿಮ್ಮ ಬನಾದಿ ಗೋಡೆಗೆ ಒರಗಿ ನಿಂತುಬಿಟ್ಟಿದಾರೆ. ಜೇಬಿಗೆ ಇಲಿ ಹೋಗಿದೆ, ಕೊಡಿ ಅಂದ್ರೆ ಕೊಡಲ್ಲ ಅಂತಾರೆ. ಅದೇನೋ ಬಾಹೋಟ್ ಅಂತಾರೆ, ನನಗೆ ಅರ್ಥ ಆಗ್ತಿಲ್ಲ. ಬೇಗ ಬನ್ನಿ," ಅಂದಳು.

ನಾನು ಅದನ್ನು ಹೇಳಿದಾಗ ಅತ್ತೆ ಬೇಳೆ ಆರಿಸುತ್ತಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. "ಬಾಹೋಟ್ ಅಂದಳಾ? ಅದೇ ಮಾತು ಅಂದಳಾ?"

ಬೆನ್ನಟ್ಟಿಸಿಕೊಂಡು ಬಂದ ಜೀವ ನಮ್ಮ ಗುಡಾರದ ಹಗ್ಗ ಹಿಡಿದರೆ, ಹೆಂಗಸಿನ ಶಾಲಿನಡಿ ನುಸುಳಿದರೆ, ಅದು ಬಾಹೋಟ್. ಆಮೇಲೆ ಅದು ಕೊಲೆಗಾರನಾಗಲಿ, ಕುರಿಯಾಗಲಿ, ಹಿಂದಕ್ಕೆ ಕೊಡುವಂತಿಲ್ಲ. ಕೊಟ್ಟವರ ಮನೆಗೆ ಯಾರೂ ಹೆಣ್ಣು ಕೊಡರು, ಅವರ ಮನೆಯ ನೀರು ಕುಡಿಯರು.

ಟ್ಯಾಕ್ಸಿ ಮಾಡಿಕೊಂಡು ಹೋದೆವು. ನಮಗೂ ಬಿಳಿ ಕೋಟು ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿಸಿ ಒಳಗೆ ಬಿಟ್ಟರು. ಬನಾದಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಬಿಳಿ ಕೋಟಿನ ಗುಂಡಿ ಬಿಚ್ಚಿತ್ತು, ಒಳಗೆ ಉಡುಪಿನ ಉದ್ದ ಜೇಬಿನ ತಳದಲ್ಲಿ ಸಣ್ಣ ಉಬ್ಬು. ಅದು ಅಲುಗುತ್ತಿತ್ತು. ಎದುರಿಗೆ ಡಾಕ್ಟರ್ ದಾದ್‌ರಹ್ಮಾನ್ ಖಾಲಿ ಗೂಡು ಹಿಡಿದುಕೊಂಡು ನಿಂತಿದ್ದರು.

"ಹೊಟ್ಟು ಬದಲಿಸೋಕೆ ಬಗ್ಗಿದ್ದೆ ಅತ್ತೆ. ಗೂಡಿನಿಂದ ಹಾರಿತು. ನಸ್ತರನ್ ಬಲೆ ಹಿಡಿದು ಬೆನ್ನಟ್ಟಿದಳು. ಕೋಣೆಯೆಲ್ಲ ಸುತ್ತಿ, ಎಲ್ಲೂ ನುಸುಳದೆ ಸೀದಾ ಬಂದು ನನ್ನ ಜೇಬಿಗೆ ಇಳೀತು," ಅಂದಳು ಬನಾದಿ. "ಬಸುರಿ. ಮದ್ದಿಲ್ಲದ ಸಾಲಿನದು."

ನಸ್ತರನ್ ನಗು ತಡೆದುಕೊಂಡು, "ಅಮ್ಮ, ಕತ್ತಲಿರೋ ಕಡೆ ಇಲಿ ಹೋಗೋದು ಅದರ ಸ್ವಭಾವ. ಅದಕ್ಕೆ ನಿಮ್ಮ ಪದ್ಧತಿ ಗೊತ್ತಾ?" ಅಂದಳು.

"ಅದಕ್ಕೆ ಗೊತ್ತಿರಬೇಕಾಗಿಲ್ಲ ಮಗಳೇ. ನಮಗೆ ಗೊತ್ತಿದ್ರೆ ಸಾಕು," ಅಂದಳು ಅತ್ತೆ. ಡಾಕ್ಟರ ಕಡೆ ತಿರುಗಿದಳು. "ನೀನು ಯಾವ ಕುಲದವನಪ್ಪ? ನಿನ್ನ ಅಜ್ಜ ಆಗಿದ್ರೆ ಈಗ ಏನು ಮಾಡ್ತಿದ್ದ?"

ಡಾಕ್ಟರು ಗೂಡನ್ನು ಮೇಜಿನ ಮೇಲಿಟ್ಟರು. "ನನ್ನ ಅಜ್ಜ ಕುದುರೆ ತಿರುಗಿಸಿಕೊಂಡು ಮನೆಗೆ ಹೋಗ್ತಿದ್ದ, ತಾಯಿ."

"ಹಾಗಾದ್ರೆ ನೀನೂ ತಿರುಗು. ನಾವು ಇದನ್ನ ಮನೆಗೆ ಕರ್ಕೊಂಡು ಹೋಗ್ತೀವಿ."

"ಇಲ್ಲಿಂದ ಹೊರಗೆ ಬಿಡೋ ಹಾಗಿಲ್ಲ. ಲೆಕ್ಕದಿಂದ ತೆಗೆದುಬಿಡ್ತೀನಿ, ಕೆಳಗೆ ಬಿದ್ದ ಇಲಿ ಅಧ್ಯಯನಕ್ಕೆ ಹೇಗೂ ಬರಲ್ಲ. ನಿಮ್ಮ ಬಾಹೋಟ್ ಅಂತ ಬೇರೆ ಗೂಡಲ್ಲಿ ಇಡ್ತೀನಿ, ಯಾರೂ ಮುಟ್ಟಲ್ಲ. ಆದ್ರೆ ಬರೀ ಮುಟ್ಟದೇ ಇದ್ರೆ ಅದು ಬದುಕಲ್ಲ. ಅದಕ್ಕೆ ಆಗಲೇ ನಡುವಿನ ಹೊತ್ತು. ನಾಳೆ ನಾಡಿದ್ದರಲ್ಲಿ ರಕ್ತ ಶುರುವಾಗುತ್ತೆ."

"ನನ್ನ ಸೊಸೆಯ ಆಶ್ರಯದಲ್ಲಿ ಸತ್ತರೆ ಮಾನ ಯಾರದು ಹೋಗೋದು? ಮದ್ದು ಕೊಡು."

"ಮದ್ದು ಮನುಷ್ಯರ ರಕ್ತದಿಂದ ತೆಗೆದದ್ದು. ನೀವು ಬೇಡ ಅಂದದ್ದೇ ಅದು."

ಅತ್ತೆ ಜೇಬಿನ ಉಬ್ಬನ್ನೇ ನೋಡುತ್ತಿದ್ದಳು.

"ಸೊಸೆಗೆ ಬೇಡ ಅಂದೆ," ಅಂದಳು ಕಡೆಗೆ. "ಬಾಹೋಟ್‌ಗೆ ಬೇಡ ಅಂತ ನಾನು ಯಾವಾಗ ಅಂದೆ?"

ಬನಾದಿ ಅಂಗೈ ಜೇಬಿನೊಳಗಿಟ್ಟು ಮೆಲ್ಲಗೆ ಅದನ್ನು ಹೊರತಂದಳು. ಕಪ್ಪು ಮಣಿಯಂಥ ಕಣ್ಣು, ಇಬ್ಬದಿಗೂ ಉಬ್ಬಿದ ಹೊಟ್ಟೆ, ಮೀಸೆ ನಡುಗುತ್ತಿತ್ತು. ಡಾಕ್ಟರು ಬಾಲದ ನರಕ್ಕೆ ಸೂಜಿ ಕೊಟ್ಟರು. ಚುಚ್ಚಿದ ಜಾಗವನ್ನು ಬನಾದಿ ಹತ್ತಿಯಿಂದ ಒತ್ತಿ ಹಿಡಿದು ಬಹಳ ಹೊತ್ತು ನಿಂತಳು.

ಮನೆಯಲ್ಲಿ ಅತ್ತೆಗೆ ಅಂದಿನಿಂದ ಅದೇ ಮಾತು. ಬನಾದಿ ಹೊಸಿಲು ದಾಟಿ ಬರುವ ಮೊದಲೇ, "ನಮ್ಮ ಅತಿಥಿ ಹೇಗಿದೆ?" "ತಿಂತಾ?" "ಮುದುಡಿ ಕೂತಿಲ್ಲ ತಾನೇ?" ಒಳ್ಳೆಯ ಖರ್ಜೂರ ಆರಿಸಿ ತುಪ್ಪದ ರೊಟ್ಟಿಯ ಜೊತೆ ಕಟ್ಟಿ ಕಳಿಸಿದಳು. ಅದನ್ನು ಇಲಿಮನೆಯೊಳಗೆ ಬಿಡುವುದಿಲ್ಲ. ಬನಾದಿ ದಾರಿಯಲ್ಲೇ ತಿಂದು ಬಂದು, "ಚೆನ್ನಾಗಿತ್ತಂತೆ ಅತ್ತೆ" ಅನ್ನುತ್ತಿದ್ದಳು.

"ಗೊತ್ತು ಬಿಡು. ನಿನ್ನ ಗಲ್ಲದ ಮೇಲೆ ತುಪ್ಪ ಇದೆ," ಅನ್ನುತ್ತಿದ್ದಳು ಅತ್ತೆ. ಆದರೂ ಮಾರನೆಯ ದಿನ ಮತ್ತೆ ಕಟ್ಟುತ್ತಿದ್ದಳು. ಬಸುರಿ ಸೊಸೆ ತಿನ್ನುತ್ತಾಳೆಂದು ಅವಳಿಗೆ ಮೊದಲೇ ತಿಳಿದಿತ್ತೆಂದು ನನಗೆ ಅನುಮಾನ.

ಇಲಿ ಮುದುಡಲಿಲ್ಲ. ನಡುವಿನ ಹೊತ್ತು ದಾಟಿತು. ಡಾಕ್ಟರು ಇನ್ನೊಂದು ಸಲ ಸೂಜಿ ಕೊಟ್ಟರು. ಹತ್ತು ಹನ್ನೆರಡು ದಿನ ಕಳೆದಿರಬಹುದು, ಒಂದು ಬೆಳಿಗ್ಗೆ ಬನಾದಿ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೇ ಫೋನು ಬಂತು. "ಅಕ್ಕ, ಹೆತ್ತಿದೆ. ಅತ್ತೇನ ಕರ್ಕೊಂಡು ಬಾ."

ನಾನು ಏಳು ದಶಕ ಬದುಕಿದ್ದೇನೆ. ಮಕ್ಕಳನ್ನು ಹೆತ್ತಿದ್ದೇನೆ, ಹೆರಿಗೆಗಳಲ್ಲಿ ಕೈ ಕೊಟ್ಟಿದ್ದೇನೆ, ಗಂಡನ ಕಣ್ಣು ಮುಚ್ಚಿದ್ದೇನೆ. ಆ ಗೂಡಿನಲ್ಲಿ ಕಂಡಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ. ತಾಯಿಯ ಹೊಟ್ಟೆಗೆ ಅಂಟಿಕೊಂಡು ಅವರೆಕಾಳಿಗಿಂತ ಸ್ವಲ್ಪ ದೊಡ್ಡ ಗುಲಾಬಿ ಜೀವಗಳು, ಕೂದಲಿಲ್ಲ, ಕಣ್ಣು ತೆರೆದಿಲ್ಲ. ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯೊಳಗೆ ಬೆಳ್ಳಗೆ ಅಕ್ಕಿಕಾಳಿನಂತೆ ಹೊರಗೇ ಕಾಣುತ್ತಿತ್ತು. ಒಂದೊಂದೂ ಬೆರಳುಗಳಿದ್ದ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿತ್ತು. ಹೊಟ್ಟು ಒಣಗಿತ್ತು, ಅದರ ಮೇಲೆ ಕೆಂಪಿನ ಕಲೆ ಹೆರಿಗೆಗೆ ಎಷ್ಟು ಬೇಕೋ ಅಷ್ಟೇ. ತಾಯಿ ಒಂದೊಂದನ್ನೇ ನೆಕ್ಕುತ್ತಿದ್ದಳು. ಯಾರೋ ಕಾಣದ ಊರಿನ ಗಂಡಸೊಬ್ಬ, ಹೆಂಗಸೊಬ್ಬಳು ತೋಳು ಚಾಚಿ ಕೊಟ್ಟ ರಕ್ತದಿಂದ ಹದಿಮೂರನೆಯವನು ಹೊರಟು, ಸಮುದ್ರ ದಾಟಿ ಬಂದು, ಈ ಸಣ್ಣ ಒಡಲಿನ ಕತ್ತಲೆಯಲ್ಲಿ ಕೂತು ಎಳೆ ಎಳೆಗೂ ಗಂಟು ಹಾಕಿದ್ದ. ಇದು ಇಲಿ, ಇದು ಮನುಷ್ಯ ಎಂದು ಅವನು ಕೇಳಲಿಲ್ಲ. ನನ್ನ ಬಾಯಿಂದ ತಾನಾಗಿ ಅಲ್ಲಾಹನ ಹೆಸರು ಬಂತು.

ಅತ್ತೆ ಕನ್ನಡಕ ಏರಿಸಿ ಬಗ್ಗಿದಳು. ಎಣಿಸಲು ಹೋದಳು, ಅವು ಒಂದರ ಮೇಲೊಂದು ಹೊರಳಿದವು, ಬಿಟ್ಟಳು.

"ಮನುಷ್ಯರ ರಕ್ತದ ಮದ್ದು ಹೋದದ್ದು ಈ ತಾಯಿಗೇ ತಾನೇ?"

"ಇದಕ್ಕೇ," ಅಂದರು ಡಾಕ್ಟರು.

"ಸಾವಿರ ಜನರದು?"

"ಅಷ್ಟೂ ಜನರದು."

"ಆದ್ರೂ ಹುಟ್ಟಿದ್ದು ಇಲಿ."

"ಇಲಿನೇ, ತಾಯಿ."

"ಬಾಲ ಇದೆ."

ಡಾಕ್ಟರು ಬಾಯಿಯ ಬಟ್ಟೆಯ ಹಿಂದೆ ಏನೋ ನುಂಗಿಕೊಂಡರು. "ಇದೆ."

ಅತ್ತೆ ನೆಟ್ಟಗೆ ನಿಂತಳು. ಸೊಂಟ ಹಿಡಿದುಕೊಂಡಿತ್ತು, ನಾನು ಕೈ ಕೊಟ್ಟೆ. "ಸಾವಿರ ಜನರ ರಕ್ತ ಹೋಗಿಯೂ ಇಲಿ ಇಲಿಯನ್ನೇ ಹೆತ್ತಿದೆ," ಅಂದಳು. "ಹಾಗಿರೋವಾಗ ನನ್ನ ತಮ್ಮನ ಮಗಳು ಹೆತ್ತರೆ ಅದು ನಮ್ಮ ಕೂಸಲ್ಲದೆ ಇನ್ನೇನಾಗುತ್ತೆ? ಒಂಟೆಯಾಗುತ್ತಾ?"

ಬನಾದಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಅವಳ ಮುಖ ಗೋಡೆಯ ಸುಣ್ಣದಂತಿರುವುದನ್ನು ನಾನು ಆಗಲೇ ಗಮನಿಸಿದ್ದು.

"ಅತ್ತೆ, ಬೆಳಿಗ್ಗೆ ಕಲೆ ಕಾಣಿಸ್ತು."

"ಕಂಡಮೇಲೆ ಇಲ್ಲಿಗೆ ಬಂದ್ಯಾ? ನನಗೆ ಇಲಿಮರಿ ತೋರಿಸೋದಕ್ಕಾ?"

"ಇದನ್ನ ನೋಡದೆ ನೀವು ಒಪ್ತಿದ್ರಾ?"

"ಬಾಯಿ ಬಂದಿದೆ ನಿನಗೆ," ಅಂದಳು ಅತ್ತೆ. ತನ್ನ ಬಿಳಿ ಕೋಟನ್ನು ಬಿಚ್ಚಿ ನಸ್ತರನ್‌ಳ ಕೈಗೆ ಎಸೆದು, ಸೊಸೆಯ ರಟ್ಟೆ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. "ಎಲ್ಲಪ್ಪ ನಿನ್ನ ಸೂಜಿ? ನಿಂತ್ಕೊಂಡು ನೋಡ್ತೀಯಲ್ಲ."

ಅಂಗಳದಾಚೆಯ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದರು. ಬಿಳಿ ಪುಡಿಯ ಸಣ್ಣ ಶೀಶೆ, ಅದಕ್ಕೆ ನೀರು ಬೆರೆಸಿ ಮೆಲ್ಲಗೆ ನರಕ್ಕೆ ಬಿಟ್ಟರು. ಆ ದಿನ ರಕ್ತ ನಿಂತಿತು. ಆದರೆ ನಮ್ಮ ಮನೆಯಲ್ಲಿ ರಕ್ತ ನಿಂತದ್ದಕ್ಕೆ ಯಾರೂ ಸಮಾಧಾನ ಪಡುವುದಿಲ್ಲ, ಮಾರನೆಯ ದಿನಕ್ಕೆ ಕಾಯುತ್ತೇವೆ. ಮಾರನೆಯ ದಿನವೂ ಬಟ್ಟೆ ಬೆಳ್ಳಗೇ ಇತ್ತು. ಅದರ ಮಾರನೆಯ ದಿನವೂ. ಅತ್ತೆ ಹಾಸಿಗೆಯ ಪಕ್ಕ ಕಂಬಳಿ ಹಾಸಿ ಕೂತವಳು ಆಗ ಮೊದಲ ಸಲ ಕಾಲು ಚಾಚಿ ಮಲಗಿದಳು.

ಆಮೇಲೆ ಕೆಲವು ವಾರಕ್ಕೊಮ್ಮೆ ಸೂಜಿ. ಅತ್ತೆಯೇ ಕರೆದುಕೊಂಡು ಹೋಗುತ್ತಿದ್ದಳು, ಶೀಶೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಕೊಟ್ಟವರು ಯಾರೇ ಆಗಿರಲಿ ಅವರ ತಾಯಂದಿರಿಗೆ ಒಳ್ಳೆಯದಾಗಲಿ ಎಂದು ತುಟಿಯಲ್ಲೇ ಬೇಡಿಕೊಳ್ಳುತ್ತಿದ್ದಳು. ಖಾಲಿ ಶೀಶೆಯನ್ನು ಬಿಸಾಡಲು ಬಿಡಲಿಲ್ಲ. ತೊಳೆದು ತಂದು ಸೊಸೆಯ ದಿಂಬಿನ ಕೆಳಗೆ, ಕತ್ತಿಯ ಪಕ್ಕದಲ್ಲಿ ಇಟ್ಟಳು. "ಆಲ್ ಬಂದ್ರೆ ಎರಡನ್ನೂ ನೋಡಲಿ," ಅಂದಳು. ಮೌಲಾಬಖ್ಶ್ ದೂರದ ಸರಕು ಒಪ್ಪಿಕೊಳ್ಳುವುದನ್ನು ಬಿಟ್ಟ. ಮೂರನೆಯ ತಿಂಗಳು ದಾಟಿತು, ಆರನೆಯದೂ ದಾಟಿತು. ಬನಾದಿಯ ಹೊಟ್ಟೆ ಜೇಬನ್ನು ಮುಂದಕ್ಕೆ ತಳ್ಳಿಕೊಂಡು ಬೆಳೆಯುವುದನ್ನು ನಾವು ಹೆಂಗಸರು ಬಾಯಿ ಬಿಡದೆ ನೋಡುತ್ತಿದ್ದೆವು. ಕಣ್ಣು ತಾಗೀತೆಂಬ ಭಯ.

ಹೆರಿಗೆಯ ದಿನವೂ ಮೊದಲು ಸೂಜಿ, ಆಮೇಲೆ ನೋವು. ಹೆಣ್ಣು ಮಗು. ಬನಾದಿ ಉಳಿದಳು.

ಹೊಕ್ಕುಳುಬಳ್ಳಿಯ ರಕ್ತವನ್ನು ಡಾಕ್ಟರು ಕೊಳವೆಯಲ್ಲಿ ತೆಗೆದುಕೊಂಡು ಹೋಗಿದ್ದರು. ಮಾರನೆಯ ದಿನ ಬಂದು ಬಾಗಿಲಲ್ಲಿ ನಿಂತ ರೀತಿಯಿಂದಲೇ ತಿಳಿಯಿತು. ಆ ಹೆಪ್ಪೂ ಕರಗಿತ್ತು. ಮೌಲಾಬಖ್ಶ್ ಕೂಡ ಒಂದು ಹರಿದ ಮಾದರಿ ಇಟ್ಟುಕೊಂಡಿದ್ದವನೇ. ಅವನ ಮೈಗೆ ಅದು ಕಾಣಿಸಿರಲಿಲ್ಲ, ಮಗಳಿಗೆ ಎರಡೂ ಹರುಕೇ ಬಂದಿದ್ದವು.

ಬನಾದಿ ಗೋಡೆಯ ಕಡೆ ಮುಖ ಮಾಡಿದಳು. ಅತ್ತೆ ಮಾತ್ರ ಮಗುವನ್ನು ಎತ್ತಿಕೊಂಡು ಡಾಕ್ಟರ ಮುಂದೆ ನಿಂತಳು. "ನಾನು ನಡುವೆ ಹೆತ್ತವು ಹೊಕ್ಕುಳಿನಿಂದ ರಕ್ತ ಸೋರಿಯೇ ಹೋದವು. ಯಾಕೆ ಅಂತ ಯಾರೂ ಹೇಳಲಿಲ್ಲ. ಇವಳದು ಇನ್ನೂ ಸೋರಿಲ್ಲ, ನೀನು ಮೊದಲೇ ಹೇಳ್ತಿದೀಯ. ಇವಳ ಅಳತೆಯ ಸೂಜಿ ಇದೆಯಾ?"

"ಇದೆ, ತಾಯಿ. ತಿಂಗಳಿಗೊಮ್ಮೆ ಕೊಡುತ್ತಾ ಹೋದ್ರೆ ಎಲ್ಲರ ಹಾಗೇ ಬೆಳೀತಾಳೆ."

ಮಗುವನ್ನು ಎತ್ತಿಕೊಂಡು ಸೂಜಿ ಹಾಕುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಹಳ್ಳಿಯ ಕಡೆಯ ಒಬ್ಬ ಮುದುಕಿ. ಮುಸುಕು ಸರಿಸಿ ಮಗುವಿನ ಮುಖ ನೋಡಿ, ವಾಡಿಕೆಯಂತೆ, "ಯಾರ ಮನೆಯದು?" ಎಂದು ಕೇಳಿದಳು. ಅತ್ತೆ ಮೌಲಾಬಖ್ಶ್‌ನ ಹೆಸರು ಹೇಳಿದಳು, ಅವನ ಅಪ್ಪನ ಹೆಸರು, ಅಪ್ಪನ ಅಪ್ಪನದು, ಹಾಗೆ ಏಳು ತಲೆಮಾರಿನ ಹೆಸರನ್ನೂ ಒಂದೂ ಬಿಡದೆ ಹೇಳಿ, ಕೊನೆಯಲ್ಲಿ, "ಅವರ ಮನೆಯ ಮಗಳು, ಮಾಹ್‌ಗಂಜ್," ಅಂದಳು. ಮಗುವಿಗೆ ಹೆಸರಿಡಲು ನಮ್ಮಲ್ಲಿ ಆರನೆಯ ದಿನ ಬರಬೇಕು. ಅತ್ತೆಗೆ ಅಷ್ಟು ತಡೆಯಲಿಲ್ಲ. ಒಳಗಿನಿಂದ ನರ್ಸು ಕರೆದಳು. ಅತ್ತೆ ಎದ್ದು, ತಾನೇ ಇಟ್ಟ ಹೆಸರನ್ನು ಇನ್ನೊಂದು ಸಲ ಗಟ್ಟಿಯಾಗಿ ಹೇಳಿಕೊಂಡು ಒಳಗೆ ಹೋದಳು.